ಸರೋಜಮ್ಮನ ಮಾತಿಗೆ ನಾನಿಟ್ಟ ಚುಕ್ಕಿ

ಹೋದ ವಾರ ರಾಬರ್ಟ್‌ಸನ್‌ಪೇಟೆಯ ಸೈಬರ್ ಅಂಗಡಿಯೊಂದರಲ್ಲಿ ಕೂತು ಅರ್ಜಿ ತುಂಬಿಸುತ್ತಿದ್ದೆ. ವರ್ಷವರ್ಷವೂ ತುಂಬುವ ಅದೇ ಅರ್ಜಿ. ನಾನು ಇಲ್ಲಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಮೂರು ದಿನ ಉಂಡು ನಾಲ್ಕನೆಯ ದಿನ ಹೊರಡುವವರು ಎಂದು ನಮ್ಮ ಕಡೆ ಲೆಕ್ಕ. ನಾನು ಐದು ವರ್ಷದಿಂದ ಅತಿಥಿಯಾಗಿಯೇ ಇದ್ದೇನೆ. ಇನ್ನೂ ಬದುಕಿದ್ದೇನೆ, ಓದಿದ ಎಂ.ಎ. ಇನ್ನೂ ಹಾಗೇ ಇದೆ ಎಂದು ವರ್ಷಕ್ಕೊಮ್ಮೆ ಬರೆದು ತಿಳಿಸಬೇಕು. ಅಂಗಡಿಯಾಕೆ ಪರದೆಯ ಮೇಲೆ ಬೆರಳಿಟ್ಟು, "ಮೇಡಂ, ಕೆಂಪು ಚುಕ್ಕಿ ಇರೋದೆಲ್ಲ ತುಂಬ್ಲೇಬೇಕು. ಒಂದು ಬುಟ್ರೂ ಮುಂದಕ್ಕೆ ಓಗಲ್ಲ" ಎಂದಳು.

ನನ್ನ ಮುಖ ಬಿಗಿದದ್ದನ್ನು ಕಂಡು, ಸಿಟ್ಟು ತನ್ನ ಮೇಲೇ ಎಂದುಕೊಂಡು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು. ಅವಳದೇನೂ ತಪ್ಪಿಲ್ಲ. ಕೆಲವರಿಗೆ ಹಲ್ಲಿ ಕಂಡರೆ ಆಗದು, ಕೆಲವರಿಗೆ ಹಾಗಲಕಾಯಿ. ನನಗೆ ಚುಕ್ಕಿ. ಪದದ ಪಕ್ಕದಲ್ಲೋ ವಾಕ್ಯದ ಮುಂದೆಯೋ ಆ ಸಣ್ಣ ನಕ್ಷತ್ರ ಕಂಡರೆ ಸಾಕು, ಹೊಟ್ಟೆಯಿಂದ ಒಂದು ಉರಿ ಎದ್ದು ಕಿವಿಯ ತನಕ ಬರುತ್ತದೆ. ಇದು ಹುಟ್ಟುಗುಣವಲ್ಲ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಇಂಗ್ಲಿಷ್ ಭಾಷೆ ಮತ್ತು ಭಾಷಾವಿಜ್ಞಾನ ಓದಿ ಸಂಪಾದಿಸಿದ್ದು.

ಆ ಕಥೆ ಹೇಳುತ್ತೇನೆ ಕೇಳಿ. ಸಿಟ್ಟಿನಲ್ಲಿ ಹೇಳುವುದರಿಂದ ಅಲ್ಲಲ್ಲಿ ದಾರಿ ತಪ್ಪಿದರೆ ಸಹಿಸಿಕೊಳ್ಳಿ.

ನಮ್ಮೂರು ಬಂಗಾರಪೇಟೆಗೆ ನಾಲ್ಕು ಮೈಲಿ. ಅಪ್ಪನಿಗೆ ಹೊಲ, ಅಮ್ಮನಿಗೆ ಹಸು. ನನ್ನ ಹೆಸರು ಹೇಮಾವತಿ. ಆದರೆ ಆ ಹೆಸರಿನಲ್ಲಿ ಒಂದು 'ಹ' ಇದೆ ಎಂಬ ಸುದ್ದಿ ಶಾಲೆಗೆ ಸೇರುವವರೆಗೆ ನನಗೆ ಗೊತ್ತಿರಲಿಲ್ಲ. ಊರಿಗೆಲ್ಲ ನಾನು ಏಮಾ. ನಮ್ಮಲ್ಲಿ ಹಸು ಅಸು, ಹಾಲು ಆಲು, ಹೊಲ ಒಲ. ಅಸು ಎಂದರೂ ಅದು ತಿರುಗಿ ನೋಡುತ್ತಿತ್ತು, ಡೇರಿಯವರು ಆಲನ್ನೂ ಅಳೆದು ಹಾಕಿಕೊಳ್ಳುತ್ತಿದ್ದರು, ಯಾರಿಗೂ ಏನೂ ಕೊರತೆ ಇರಲಿಲ್ಲ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಹಾಜರಿ ಕರೆಯುವಾಗ "ಹೇಮಾವತಿ" ಎಂದರೆ ಯಾರೋ ಬೇರೆ ಹುಡುಗಿ ಇರಬೇಕು, ಪಾಪ ಬಂದಿಲ್ಲ ಎಂದು ಸುಮ್ಮನೆ ಕೂತಿದ್ದೆ. ಮೂರು ದಿನ ನನಗೆ ಗೈರುಹಾಜರಿ ಬಿತ್ತು. ನಾಲ್ಕನೆಯ ದಿನ ಮೇಷ್ಟ್ರು ಬಂದು ನನ್ನ ಸ್ಲೇಟಿನ ಮೇಲೆ ದೊಡ್ಡದಾಗಿ 'ಹೇ' ಎಂದು ಬರೆದು, "ಇದು ನೀನು" ಎಂದರು. ಅಷ್ಟು ದಿನವೂ ನಾನು ಮೊದಲ ಬೆಂಚಿನಲ್ಲೇ ಇದ್ದೆ.

ಡಿಗ್ರಿ ಮುಗಿದು ಬೆಂಗಳೂರಿನಲ್ಲಿ ಎಂ.ಎ. ಸೀಟು ಸಿಕ್ಕಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅಸುಗೆ ಆಕೋ ಔಸ್ದಿ ಬಾಟ್ಲಿ ಮೇಲೆ ಬರ್ದಿರೋದು ಓದೋಕೆ ಬತ್ತದಾ ಆಮೇಲೆ?"

"ಬತ್ತದೆ" ಎಂದೆ.

"ಅಂಗಾದ್ರೆ ಓಗು" ಎಂದಳು. ನನ್ನ ಉನ್ನತ ಶಿಕ್ಷಣದ ಗುರಿಯನ್ನು ಇಷ್ಟು ಸ್ಪಷ್ಟವಾಗಿ ಆಮೇಲೆ ಯಾವ ಪ್ರಾಧ್ಯಾಪಕರೂ ಹೇಳಲಿಲ್ಲ.

ಬೆಳಿಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಸಂಜೆ ಅಲ್ಲೇ ಇಳಿಯುವುದು. ಮೊದಲ ತಿಂಗಳಲ್ಲೇ ಧ್ವನಿವಿಜ್ಞಾನದ ಪಾಠ ಶುರುವಾಯಿತು. ಪಾಠ ಮಾಡುತ್ತಿದ್ದ ಪ್ರಾಧ್ಯಾಪಕರ ಹೆಸರು ಬರೆಯುವುದಿಲ್ಲ, 'ಸರ್' ಎಂದೇ ಇರಲಿ. ಎರಡನೆಯ ವರ್ಷ ನನ್ನ ಪ್ರಬಂಧಕ್ಕೆ ಮಾರ್ಗದರ್ಶಕರಾದವರೂ ಅವರೇ, ಆದ್ದರಿಂದ ನೆನಪಿಟ್ಟುಕೊಳ್ಳಿ. ಒಂದು ದಿನ ಅವರು ಎಲ್ಲರಿಗೂ ಬೆರಳಗಲದ ಕಾಗದದ ಚೂರು ಹಂಚಿ, ತುಟಿಯ ಮುಂದೆ ಹಿಡಿದು ಉಸಿರಿನ ಅಕ್ಷರಗಳನ್ನು ಹೇಳಿಸಿದರು. ಉಸಿರು ಸರಿಯಾಗಿ ಬಂದರೆ ಕಾಗದ ಅಲುಗಬೇಕು. ನನ್ನ ಸರದಿ ಬಂದಾಗ, "ನಿನಗೆ ಬೇರೆ ಪದ ಯಾಕೆ, ನಿನ್ನ ಹೆಸರೇ ಹೇಳು" ಎಂದರು. ಹೇಳಿದೆ. ಕಾಗದ ಅಲುಗಲಿಲ್ಲ. "ಇನ್ನೊಮ್ಮೆ" ಎಂದರು. ಮತ್ತೆ ಹೇಳಿದೆ. ನಲವತ್ತು ಜನ ಆ ಕಾಗದವನ್ನೇ ನೋಡುತ್ತಿದ್ದರು. ಅದು ಗೋಡೆಗೆ ಅಂಟಿಸಿದ ಹಾಗೆ ನಿಂತಿತ್ತು.

"ನಿನ್ನ ಹೆಸರಿನ ಮೊದಲ ಅಕ್ಷರವೇ ನಿನ್ನದಲ್ಲವಲ್ಲಮ್ಮ. ಯಾರ ಮನೆಯಿಂದ ಕಡ ತಂದೆ?" ಎಂದರು ಸರ್. ಗದರಿಸಲಿಲ್ಲ, ನಗುನಗುತ್ತಲೇ ಹೇಳಿದರು. ಗದರಿಸಿದ್ದರೆ ತರಗತಿ ಸುಮ್ಮನಿರುತ್ತಿತ್ತು. ಅವರು ನಕ್ಕದ್ದರಿಂದ ಎಲ್ಲರಿಗೂ ನಗಲು ಅಪ್ಪಣೆ ಸಿಕ್ಕಿದಂತಾಯಿತು. ನಾನೂ ನಕ್ಕೆ. ಈಗ ನೆನೆದರೆ ಅವರೆಲ್ಲ ನಕ್ಕದ್ದಕ್ಕಿಂತ ನಾನು ನಕ್ಕದ್ದಕ್ಕೇ ಮೈ ಉರಿಯುತ್ತದೆ.

ಅವತ್ತಿನಿಂದ ನನಗೆ 'ಹ' ಎಂಬ ಗೀಳು ಹಿಡಿಯಿತು. ರೈಲಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು "ಹೌಸ್, ಹಾರ್ಸ್, ಹ್ಯಾಪಿ" ಎಂದು ಉಸಿರು ಬಿಡುತ್ತಿದ್ದೆ. ಎದುರು ಸೊಪ್ಪಿನ ಮೂಟೆ ಇಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸು ಮೂರು ದಿನ ನೋಡಿದಳು. ನಾಲ್ಕನೆಯ ದಿನ ನೀರಿನ ಬಾಟಲಿ ಮುಂದೆ ಹಿಡಿದು, "ಉಬ್ಸ ಐತಾ ಮಗ? ನಮ್ ನಾದ್ನೀಗೂ ಇಂಗೇಯಾ. ಶುಂಠಿ ಕಷಾಯ ಕುಡಿ" ಎಂದಳು. ಇಂಗ್ಲಿಷ್ ಉಚ್ಚಾರಣೆಗೆ ಶುಂಠಿ ಕಷಾಯದಿಂದ ಉಪಯೋಗವಾಗುವುದಿಲ್ಲ ಎಂಬುದನ್ನು ನಾನು ಸ್ವಾನುಭವದಿಂದ ಬಲ್ಲೆ.

ಗೀಳು ಎಲ್ಲಿಗೆ ಮುಟ್ಟಿತೆಂದರೆ ಬೇಡದ ಕಡೆಯೂ 'ಹ' ಬಂದು ಕೂರತೊಡಗಿತು. ಬಂಗಾರಪೇಟೆಯ ಅಂಗಡಿಯಲ್ಲಿ "ಅರ್ಧ ಲೀಟರ್ ಹೆಣ್ಣೆ ಕೊಡಿ" ಎಂದೆ. ಅಂಗಡಿಯವರು ಕನ್ನಡಕ ಕೆಳಗಿಳಿಸಿ, "ಹೆಣ್ಣು ಇಲ್ಲಿ ಸಿಗಲ್ಲಮ್ಮ, ಎಣ್ಣೆ ಐತೆ" ಎಂದರು. ತರಗತಿಯಲ್ಲಿ ಸೆಮಿನಾರು ಕೊಡುವಾಗ 'ಅವರ್' ಎನ್ನಬೇಕಾದಲ್ಲಿ 'ಹವರ್' ಎಂದೆ, 'ಆನೆಸ್ಟ್' ಎನ್ನುವುದನ್ನು ಪೂರ್ತಿ ಉಸಿರು ಹಾಕಿ 'ಹಾನೆಸ್ಟ್' ಎಂದೆ. ಮತ್ತೆ ನಗು. ತಪ್ಪುತ್ತೇನೆಂಬ ಭಯಕ್ಕೆ ಬೇಡದ ಕಡೆಯೂ ತಿದ್ದಿಕೊಳ್ಳುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ಹೆಸರೇ ಇದೆ, ಅದನ್ನು ಸರ್ ಅದೇ ತರಗತಿಯಲ್ಲಿ ನನ್ನನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸಿದರು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಾಗ ನನಗೆ ಪೂರ್ತಿ ಅಂಕ ಬಂತು.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಎರಡು ತಿಂಗಳ ಮೇಲೆ ಉಪಭಾಷೆಗಳ ಪಾಠ ಬಂತು. ಲಂಡನ್ನಿನ ಕೂಲಿಕಾರರ ಕೇರಿಗಳಲ್ಲಿ ಜನ ಪದದ ಮೊದಲಿನ 'ಹ'ವನ್ನು ಬಿಟ್ಟು ಮಾತಾಡುತ್ತಾರೆ, ಅದು ತಪ್ಪಲ್ಲ, ಅದಕ್ಕೂ ನಿಯಮವಿದೆ, ಅದರಲ್ಲಿ ಒಂದು ಸೊಗಸಿದೆ ಎಂದು ಸರ್ ಮುಕ್ಕಾಲು ಗಂಟೆ ಹೇಳಿದರು. ಕಣ್ಣರಳಿಸಿ ಅವರ ಹಾಗೆ ಎರಡು ವಾಕ್ಯ ನುಡಿದೂ ತೋರಿಸಿದರು. 'ಹೌಸ್' ಅನ್ನು 'ಔಸ್' ಎಂದರು, ಥೇಟು ನಮ್ಮಮ್ಮನ ಹಾಗೆ. ನಾನು ಕೈ ಎತ್ತಿದೆ. "ಸರ್, ನಮ್ಮ ಕಡೆಯೂ ಹಾಗೇ ಅಲ್ಲವಾ?"

ಅವರು ಒಂದು ಗಳಿಗೆ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಅದನ್ನು ನಾನು ಕಂಡೆ. ಆಮೇಲೆ, "ಅದು ಭಾಷೆಯ ಪ್ರಭೇದಮ್ಮ. ನಿಮ್ಮದು ಅಭ್ಯಾಸದೋಷ" ಎಂದು ಮುಂದಿನ ಪುಟ ತಿರುಗಿಸಿದರು.

ಆ ಪುಟ ತಿರುಗಿದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಲಂಡನ್ನಿನ ಕೂಲಿಯವನು ನುಂಗಿದರೆ ನಿಯಮ, ಕೋಲಾರದ ಕೂಲಿಯವನು ನುಂಗಿದರೆ ದೋಷ. ಹಾಗಾದರೆ ನಾವು ಓದುತ್ತಿದ್ದುದು ಭಾಷೆಯ ಶಾಸ್ತ್ರವನ್ನೋ ವಿಮಾನದ ಟಿಕೆಟ್ಟನ್ನೋ? ಹೀಗೆಂದು ಅವತ್ತೇ ಕೇಳಿದ್ದರೆ ಚೆನ್ನಾಗಿತ್ತು. ಅವತ್ತು ನನಗೆ ಹೊಳೆದದ್ದು, "ಸರಿ ಸರ್" ಎಂಬ ಎರಡು ಪದ ಮಾತ್ರ.

ಎರಡನೆಯ ವರ್ಷ ಪ್ರಬಂಧಕ್ಕೆ ವಿಷಯ ಆರಿಸಿಕೊಳ್ಳಬೇಕಾಗಿ ಬಂದಾಗ ನನಗೆ ನೆನಪಾದವರು ಸರೋಜಮ್ಮ. ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿ ಕೆಲಸದವರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಒಂದರಲ್ಲಿ ಇದ್ದರು. ಅಮ್ಮನ ರವಿಕೆಗಳನ್ನು ಹೊಲಿಯುತ್ತಿದ್ದವರು ಅವರೇ. ತವರು ಕುಪ್ಪಂ ಕಡೆಯ ತೆಲುಗು, ಗಂಡನ ಮನೆ ತಮಿಳು, ಸರ್ಕಾರ ಕನ್ನಡ. ಗಂಡ ಗಣಿಯೊಳಗೆ ಇಳಿಯುತ್ತಿದ್ದವರು. ಗಣಿ ಮುಚ್ಚಿದ ಮೇಲೆ ಕೆಲವು ವರ್ಷ ಕೆಮ್ಮಿಕೊಂಡೇ ಇದ್ದು ತೀರಿಕೊಂಡಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ನು. ಅದರ ಸುತ್ತ ಸದಾ ನಾಲ್ಕಾರು ಹೆಂಗಸರು. ಗುಂಡಿ ಹಾಕುತ್ತಾ, ನಲ್ಲಿಯಲ್ಲಿ ನೀರು ಬರುವುದನ್ನು ಕಾಯುತ್ತಾ ಅವರು ಆಡುವ ಮಾತು ಒಂದೇ ಉಸಿರಿನಲ್ಲಿ ಮೂರು ಭಾಷೆ ದಾಟಿ ಬರುತ್ತಿತ್ತು. ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳಲಾ ಎಂದು ಕೇಳಿದಾಗ ಸರೋಜಮ್ಮ, "ನಮ್ ಮಾತಾ? ಇದನ್ನ ಯುನಿವರ್ಸಿಟೀಲಿ ಓದ್ತಾರಾ?" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತರು, ಫೋಟೋ ತೆಗೆಯುತ್ತಾರೆ ಎಂಬಂತೆ.

ಆರು ತಿಂಗಳು ಭಾನುವಾರ ಭಾನುವಾರ ಹೋದೆ. ನನ್ನನ್ನು "ಕಣ್ಣು" ಎಂದು ಕರೆಯುತ್ತಿದ್ದರು, ತಮಿಳಿನವರು ಮಕ್ಕಳನ್ನು ಕರೆಯುವ ಹಾಗೆ. ಯಾವಾಗ ಯಾವ ಭಾಷೆ ಆಡುತ್ತೀರಿ ಎಂದು ಒಮ್ಮೆ ಕೇಳಿದೆ. ನಾನು ತಂದಿದ್ದ ಪುಸ್ತಕದಲ್ಲಿ ಅದಕ್ಕೆ ಒಂದು ಅಧ್ಯಾಯವೇ ಇತ್ತು. ಸರೋಜಮ್ಮ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದರು: "ಸಿಟ್ಟು ಬಂದ್ರೆ ತೆಲುಗು, ಅದು ನಮ್ಮಮ್ಮಂದು. ಅಳತೆ ತಗೊಳ್ಳೋದು, ಅಡುಗೆ ಮಾಡೋದೆಲ್ಲ ತಮಿಳು. ಆಫೀಸಿಗೆ ಓದ್ರೆ ಕನ್ನಡ, ಅಲ್ಲಿ ಮರ್ಯಾದೆಯಾಗಿ ಮಾತಾಡ್ಬೇಕಲ್ಲ. ದೇವ್ರಿಗೆ ಯಾವ್ದಾದ್ರೂ ಆಯ್ತದೆ."

ಅವರ ಮಾತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ವಾಕ್ಯವಿತ್ತು. ಗಂಡನ ಕೆಲಸದ ದಿನಗಳನ್ನು ನೆನೆಯುತ್ತಾ ಹೇಳಿದ್ದು. ಗಣಿಯೊಳಕ್ಕೆ ಆಳುಗಳನ್ನು ಇಳಿಸುವ ಕಬ್ಬಿಣದ ತೊಟ್ಟಿಲಿಗೆ ಕೇಜ್ ಎನ್ನುತ್ತಾರೆ. "ಕೇಜಲ್ಲಿ ಇಳಿದವ್ರು ಮೇಲೆ ವರೋವರ್ಗೂ ನಾನು ಸೋರು ಮುಟ್ತಿರ್ಲಿಲ್ಲ ಕಣ್ಣು." ವರ ಎನ್ನುವುದು ತಮಿಳಿನ ಬರುವುದು, ಸೋರು ತಮಿಳಿನ ಅನ್ನ. ಆದರೆ 'ವರೋವರ್ಗೂ' ಎಂಬುದರ ಬಾಲ ಕನ್ನಡದ್ದು. ಕೂತು ಲೆಕ್ಕ ಹಾಕಿದರೆ ಅವರ ನೂರಾರು ವಾಕ್ಯಗಳಲ್ಲಿ ಇದೇ ಕಟ್ಟು. ಪದದ ಬೇರು ಯಾವ ಭಾಷೆಯದಾದರೂ ಇರಲಿ, ಬಾಲ ಮಾತ್ರ ಎದುರಿಗೆ ಕೂತವರ ಭಾಷೆಯದು. ಇದನ್ನು ಹೇಳಿದಾಗ ಸರೋಜಮ್ಮನಿಗೆ ಏನೂ ಆಶ್ಚರ್ಯವಾಗಲಿಲ್ಲ. "ಮತ್ತೆ? ಎದ್ರುಗಿರೋರ್ಗೆ ಗೊತ್ತಾಗ್ಬೇಕಲ್ಲ" ಎಂದರು.

ನನಗೆ ರೆಕ್ಕೆ ಬಂದಂತಾಗಿತ್ತು. ಕರಡು ಬರೆದುಕೊಂಡು ಸರ್ ಹತ್ತಿರ ಹೋದೆ. ಅವರು ಹತ್ತು ಪುಟ ತಿರುವಿದರು. "ಒಳ್ಳೆಯ ಶ್ರಮ. ಆದರೆ ಇದು ಭಾಷೆಯಲ್ಲ, ಕೆಟ್ಟುಹೋದ ಭಾಷೆ. ದೋಷ ವಿಶ್ಲೇಷಣೆ ಅಂತ ಮಾಡು, ಬೇಗ ಮುಗಿಯುತ್ತೆ. ಈ ವಾಕ್ಯಗಳ ಮುಂದೆಲ್ಲ ಸ್ಟಾರ್ ಹಾಕು" ಎಂದರು.

ಸ್ಟಾರ್ ಎಂದರೇನೆಂದು ಹೇಳಬೇಕು. ಆ ಭಾಷೆ ಆಡುವವರು ಯಾರೂ ಹೀಗೆ ಹೇಳುವುದಿಲ್ಲ, ಇದು ತಪ್ಪು ಎಂದು ತೋರಿಸಲು ನಮ್ಮ ಶಾಸ್ತ್ರದಲ್ಲಿ ವಾಕ್ಯದ ಮುಂದೆ ಚುಕ್ಕಿ ಇಡುತ್ತಾರೆ. 'ನಾನು ಬಂದರು' ಎಂಬಂಥ ಯಾರ ಬಾಯಲ್ಲೂ ಬರದ ವಾಕ್ಯಕ್ಕೆ ಇಡುವ ಗುರುತು ಅದು. ಸರೋಜಮ್ಮ ನನ್ನ ಕಣ್ಣೆದುರೇ ಆಡಿದ ಮಾತಿಗೆ, ಆರು ತಿಂಗಳು ನಾನು ಕಿವಿಯಾರೆ ಕೇಳಿದ ಮಾತಿಗೆ, ಯಾರೂ ಹೀಗೆ ಆಡುವುದಿಲ್ಲ ಎಂದು ಬರೆಯಬೇಕು.

ಬರೆದೆ. ಬಲವಂತ ಮಾಡಿದರು ಎಂದು ಹೇಳಲು ಆಸೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಸಹಿ ಬೇಕಿತ್ತು, ಅಂಕ ಬೇಕಿತ್ತು, ಮುಂದೆ ಸಂಶೋಧನೆಗೆ ಸೀಟು ಬೇಕಿತ್ತು. ಎರಡು ದಿನ ಕೂತು ನೂರ ನಲವತ್ತು ವಾಕ್ಯಗಳ ಮುಂದೆ ಚುಕ್ಕಿ ಇಟ್ಟೆ. ಕೇಜಿನ ವಾಕ್ಯಕ್ಕೂ ಇಟ್ಟೆ. ಸರ್ ಖುಷಿಯಾಗಿ, ಅಂತಿಮ ಪ್ರತಿಗೆ ಬೇಕಾದ ಪ್ರಮಾಣಪತ್ರದ ಹಾಳೆಗಳಿಗೆ ಮುಂಚಿತವಾಗಿಯೇ ಸಹಿ ಹಾಕಿ ಕೊಟ್ಟರು.

ಕರಡಿನ ಒಂದು ಪ್ರತಿಯನ್ನು ಸರೋಜಮ್ಮನಿಗೆ ಕೊಟ್ಟೆ. ಕೊಡದೆ ಇರಬಹುದಿತ್ತು. ನಮ್ಮ ಹೆಸರು ಪುಸ್ತಕದಲ್ಲಿ ಬರುತ್ತದೆ ಎಂದು ಅವರು ಸಾಲುಮನೆಗಳಿಗೆಲ್ಲ ಹೇಳಿಕೊಂಡು ಬಂದಿದ್ದರು, ಕೊಡದೆ ಹೇಗೆ ಇರಲಿ? ಇಂಗ್ಲಿಷಿನಲ್ಲಿರುವುದು ಅವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯವೂ ಇತ್ತು, ಸುಳ್ಳೇಕೆ ಹೇಳಲಿ. ಅವರ ಮೊಮ್ಮಗಳು ಕವಿತಾ ಪಿಯುಸಿ ಓದುತ್ತಿದ್ದಾಳೆ ಎಂಬುದು ನನ್ನ ತಲೆಗೆ ಬರಲಿಲ್ಲ.

ಮುಂದಿನ ಭಾನುವಾರ ಹೋದಾಗ ಕೋಣೆಯಲ್ಲಿ ಬೇರೆ ಹೆಂಗಸರು ಇರಲಿಲ್ಲ. ಮಿಷಿನ್ನಿಗೆ ಬಟ್ಟೆ ಹೊದಿಸಿತ್ತು. ಸರೋಜಮ್ಮ ಎದ್ದು ನಿಂತು ಕೈ ಮುಗಿದರು. "ಬನ್ನಿ ಮೇಡಂ. ಕುಳಿತುಕೊಳ್ಳಿ. ತಾವು ಬಂದ ವಿಚಾರ ಏನು?"

ಪಕ್ಕಾ ಕನ್ನಡ. ಒಂದು ತಮಿಳು ಪದವಿಲ್ಲ, ಒಂದು ಅಕ್ಷರ ನುಂಗಿಲ್ಲ. ಆಫೀಸಿನವರೊಂದಿಗೆ ಆಡುವ ಕನ್ನಡ. ಆರು ತಿಂಗಳಲ್ಲಿ ಅವರು ನನ್ನೊಂದಿಗೆ ಆ ಕನ್ನಡ ಆಡಿರಲೇ ಇಲ್ಲ. ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು.

"ಯಾಕಮ್ಮ ಹಿಂಗೆ ಮಾತಾಡ್ತೀರಿ?" ಎಂದೆ.

ಮೂಲೆಯಲ್ಲಿ ಕವಿತಾ ಕರಡನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಸರೋಜಮ್ಮ ಅವಳ ಕೈಯಿಂದ ತೆಗೆದುಕೊಂಡು ಕೇಜಿನ ವಾಕ್ಯವಿದ್ದ ಪುಟವನ್ನೇ ಬಿಡಿಸಿ ನನ್ನ ಮುಂದೆ ಹಿಡಿದರು. "ಇದು ಏನು?"

"ಗುರುತು."

"ಏನು ಅಂತ ಗುರುತು?"

ಕವಿತಾ ಮೆಲ್ಲಗೆ, "ತಪ್ಪು ಅಂತ, ಅಜ್ಜಿ. ಮುಂದಿನ ಪುಟದಲ್ಲಿ ಬರ್ದಿದ್ದಾರೆ" ಎಂದಳು.

ಸರೋಜಮ್ಮನ ಪಕ್ಕಾ ಕನ್ನಡ ಅಲ್ಲಿಗೆ ಮುರಿಯಿತು. "ಅವ್ರು ಮೇಲೆ ವರೋವರ್ಗೂ ನಾನು ಉಣ್ತಿರ್ಲಿಲ್ಲ. ಅದ್ರಾಗೆ ಏನು ತಪ್ಪು? ಆರು ತಿಂಗ್ಳು ಇಲ್ಲೇ ಕೂತ್ಕೊಂಡು ಕೇಳ್ದೆ. ಒಂದಿನಾನೂ ಅರ್ತ ಆಗ್ಲಿಲ್ಲ ಅನ್ಲಿಲ್ಲ ನೀನು. ಅವತ್ತು ಇದನ್ನ ಕೇಳಿ ಕಣ್ಣು ಒರೆಸ್ಕೊಂಡೆಯಲ್ಲ, ಅದೂ ತಪ್ಪಾ?"

ಧ್ವನಿ ಏರಿರಲಿಲ್ಲ. ಏರಿದ್ದರೆ ತಡೆದುಕೊಳ್ಳುತ್ತಿದ್ದೆ. "ಸರ್ ಹಾಕು ಅಂದ್ರು" ಎಂದೆ. ಬಾಯಿಂದ ಬೀಳುವಾಗಲೇ ಆ ಮಾತಿನ ಕೊಳಕು ನನಗೆ ಗೊತ್ತಾಯಿತು. "ತೆಗೆದ್ಬಿಡ್ತೀನಿ" ಎಂದೂ ಸೇರಿಸಿದೆ.

"ತೆಗ್ದ್ರೆ ಮುಗೀತಾ? ಇಟ್ಟಿದ್ದೆಯಲ್ಲ." ಕರಡನ್ನು ಕವಿತಾಳ ಮಡಿಲಿಗೆ ಹಾಕಿದರು. ಆಮೇಲೆ, "ಆ ಫೋನ್ ತೆಗಿ. ಆನ್ ಮಾಡು" ಎಂದರು.

ಮಾಡಿದೆ. ಸರೋಜಮ್ಮ ತೆಲುಗಿಗೆ ಹೊರಳಿದರು. ಎಂಟು ನಿಮಿಷ ನಿಲ್ಲಿಸಲಿಲ್ಲ. ಮೊದಲು ನನಗೆ. ಅದು ಬೇಗ ಮುಗಿಯಿತು, ನನ್ನನ್ನು ಬೈಯಲು ಅವರಿಗೆ ಮನಸ್ಸು ಬರುತ್ತಿರಲಿಲ್ಲವೋ ಏನೋ. ಉಳಿದದ್ದೆಲ್ಲ ಕಾಣದ ಆ ಸರ್‌ಗೆ. "ನೀ ಚದುವು ತಗಲೆಯ್ಯ" ಎಂದರು, ನಿನ್ನ ಓದಿಗೆ ಬೆಂಕಿ ಬೀಳ ಎಂದು. "ನೀ ನೋರು ಪಡಿಪೋನು" ಎಂದರು, ನಿನ್ನ ಬಾಯಿ ಬಿದ್ದುಹೋಗ ಎಂದು. ಸರಿಯಾದ ಮಾತು ಗೊತ್ತಿರುವವನು ಒಂದು ದಿನ ನಮ್ಮ ಬೀದಿ ನಲ್ಲಿ ಹತ್ತಿರ ಬಂದು, ಆ ಸರಿಯಾದ ಮಾತಿನಲ್ಲೇ ಒಂದು ಬಿಂದಿಗೆ ನೀರು ಗಿಟ್ಟಿಸಿಕೊಂಡು ಹೋಗಲಿ ನೋಡೋಣ ಎಂದರು. ಗಣಿಯ ಕೆಳಗೆ ಒಬ್ಬ ತಮಿಳಿನವನು, ಒಬ್ಬ ತೆಲುಗಿನವನು, ಒಬ್ಬ ಕನ್ನಡದವನು. ಬಂಡೆ ಸಡಿಲವಾಗಿದೆ, ಓಡು ಎಂದು ಒಬ್ಬ ಕೂಗಿದರೆ ಉಳಿದವರಿಗೆ ತಿಳಿಯಬೇಕು, ತಿಳಿಯದಿದ್ದರೆ ಹೆಣವೇ ಮೇಲೆ ಬರುವುದು. ಅವರು ಬದುಕಿಕೊಂಡು ಬಂದ ಮಾತು ಇದು, ನೀನು ಯಾವನೋ ಇದಕ್ಕೆ ಚುಕ್ಕಿ ಇಡಲು ಎಂದರು. ಮುಗಿದ ಮೇಲೆ ಮಿಷಿನ್ನಿನ ಮೇಲಿನ ಬಟ್ಟೆ ತೆಗೆದು, "ಬರ್ಕೋ. ಒಂದು ಅಕ್ಷರ ಬುಡ್ಬೇಡ" ಎಂದು ಪೆಡಲು ತುಳಿಯತೊಡಗಿದರು.

ಒಂದಕ್ಷರವನ್ನೂ ಬಿಡಲಿಲ್ಲ. ನೂರ ನಲವತ್ತು ಚುಕ್ಕಿಗಳನ್ನು ಕಿತ್ತೆ. 'ದೋಷ' ಎಂಬ ಪದ ಇದ್ದಲ್ಲೆಲ್ಲ 'ನಿಯಮ' ಎಂದು ಬರೆದೆ. ಬೇರು, ಬಾಲದ ವಿಚಾರವನ್ನು ಮತ್ತೆ ಮುಖ್ಯ ಅಧ್ಯಾಯ ಮಾಡಿದೆ. ಕೊನೆಗೆ ಅನುಬಂಧವೆಂದು ಆ ಎಂಟು ನಿಮಿಷದ ತೆಲುಗನ್ನು ಧ್ವನಿ ಲಿಪಿಯಲ್ಲಿ ಪೂರ್ತಿ ಸೇರಿಸಿದೆ. ಅನುವಾದ ಕೊಡಲಿಲ್ಲ. ಬೇಕೆಂದೇ ಕೊಡಲಿಲ್ಲ ಎಂದು ನೀವು ತಿಳಿದರೆ ನನಗೆ ಬೇಸರವಿಲ್ಲ. ಸಹಿಯಾಗಿದ್ದ ಹಾಳೆಗಳನ್ನು ಮುಂದೆ ಹೊಲಿಸಿ ಬೈಂಡ್ ಮಾಡಿಸಿ ಕೊಟ್ಟುಬಿಟ್ಟೆ. ಸರ್ ತೆರೆದು ನೋಡಲಿಲ್ಲ. ತೆರೆದು ನೋಡುವ ಅಭ್ಯಾಸ ಅವರಿಗೆ ಇಲ್ಲ ಎಂಬುದು ವಿಭಾಗಕ್ಕೆಲ್ಲ ಗೊತ್ತಿತ್ತು.

ಮೌಖಿಕ ಪರೀಕ್ಷೆಗೆ ಬೇರೆ ರಾಜ್ಯದಿಂದ ಒಬ್ಬ ಪರೀಕ್ಷಕಿ ಬಂದಿದ್ದರು. ನರೆತ ಕೂದಲು, ಮೆತ್ತಗಿನ ಧ್ವನಿ. ಕನ್ನಡ, ತಮಿಳು, ತೆಲುಗು ಮೂರೂ ಬಾರದು. ಆದರೆ ನನ್ನ ಪ್ರಬಂಧವನ್ನು ಓದಿದ್ದರು. ಪುಟಗಳ ನಡುವೆ ಪೆನ್ಸಿಲ್ ಗುರುತುಗಳಿದ್ದವು. ಅವರು ಮುಖ್ಯ ಅಧ್ಯಾಯದ ಮೇಲೆ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಪಕ್ಕದಲ್ಲಿ ಸರ್ ಪುಟ ತಿರುವುತ್ತಾ ಮುಂದಕ್ಕೂ ಹಿಂದಕ್ಕೂ ಏನೋ ಹುಡುಕುತ್ತಿದ್ದರು. ಏನೆಂದು ನನಗೆ ಗೊತ್ತಿತ್ತು.

"ಕೊನೆಯಲ್ಲಿ ಇರುವುದನ್ನು ಅನುವಾದಿಸಿ ಹೇಳಿ" ಎಂದರು ಪರೀಕ್ಷಕಿ.

ಹೇಳಿದೆ. ಸರೋಜಮ್ಮನ ಬೆಂಕಿಯಂಥ ಮಾತು ನನ್ನ ಇಂಗ್ಲಿಷಿನಲ್ಲಿ ಹೇಗೆ ಬಂತೆಂದರೆ, ಅದನ್ನು ತಿರುಗಿ ಕನ್ನಡಕ್ಕೆ ತಂದರೆ ಹೀಗಿರುತ್ತದೆ: ತಮ್ಮ ವಿದ್ಯಾಭ್ಯಾಸವು ಅಗ್ನಿಗೆ ಆಹುತಿಯಾಗಲಿ ಎಂದು ಮಾತನಾಡುವವರು ಹಾರೈಸುತ್ತಾರೆ. ತಮ್ಮ ಬಾಯಿಯು ಕೆಳಗೆ ಬೀಳಲಿ ಎಂದೂ ಹಾರೈಸುತ್ತಾರೆ. ಇಲ್ಲಿರುವ ಕ್ರಿಯಾಪದ ವಿಧ್ಯರ್ಥದಲ್ಲಿದೆ, ಆಶೀರ್ವಾದಕ್ಕೂ ಶಾಪಕ್ಕೂ ಅದೇ ರೂಪ ಎಂದು ಸೇರಿಸಿದೆ. ನಲ್ಲಿ, ಗಣಿ, ಬಂಡೆ ಎಲ್ಲವನ್ನೂ ಹೇಳಿದೆ.

"ಇದು ಯಾರನ್ನು ಕುರಿತು ಹೇಳಿದ್ದು?" ಎಂದರು ಸರ್.

"ಮೊದಲ ನಾಲ್ಕು ವಾಕ್ಯ ನನ್ನನ್ನು, ಸರ್. ಉಳಿದದ್ದು ನಿಮ್ಮನ್ನು."

ಪರೀಕ್ಷಕಿ ತಲೆ ತಗ್ಗಿಸಿ ಏನೋ ಬರೆದುಕೊಂಡರು. ಅವರು ಕೊಟ್ಟ ಅಂಕದಿಂದ ನಾನು ಪಾಸಾದೆ, ಸರ್ ಕೊಟ್ಟ ಅಂಕದಿಂದ ಎರಡನೆಯ ದರ್ಜೆಗೆ ಇಳಿದೆ. ಮುಂದೆ ಸಂಶೋಧನೆಯ ಸೀಟಿಗೆ ಸಂದರ್ಶನಕ್ಕೆ ಹೋದಾಗ ಮೇಜಿನ ಆಚೆ ಸರ್ ಇದ್ದರು. ಅಭ್ಯರ್ಥಿಗೆ ಭಾಷೆಯ ಮೇಲೆ ಹಿಡಿತ ಸಾಲದು ಎಂದು ಬರೆದರಂತೆ. ಹೀಗೆ ನಾನು ರಾಬರ್ಟ್‌ಸನ್‌ಪೇಟೆಯ ಖಾಯಂ ಅತಿಥಿಯಾದೆ. ನನ್ನ ತರಗತಿಯಲ್ಲಿ ಯಾರು ಯಾವ ಅಕ್ಷರ ನುಂಗಿದರೂ ನಾನು ಕಾಗದ ಹಿಡಿಸುವುದಿಲ್ಲ. ನನ್ನ ಕೈಲಾಗುವುದು ಅಷ್ಟೇ, ಅಷ್ಟರಿಂದ ಸಿಟ್ಟು ಇಳಿದಿಲ್ಲ. ಕಾಲ ಎಲ್ಲವನ್ನೂ ಮಾಗಿಸುತ್ತದೆ ಎನ್ನುತ್ತಾರೆ. ಯಾವ ಹಣ್ಣಿನ ಮಾತೋ ಅದು, ನನಗೆ ತಿಳಿಯದು.

ಮೌಖಿಕ ಪರೀಕ್ಷೆಯ ಮರುದಿನವೇ ಚಾಂಪಿಯನ್ ರೀಫ್ಸ್‌ಗೆ ಹೋದೆ. ಸರೋಜಮ್ಮ ಮಿಷಿನ್ನಿನ ಮುಂದೆ ಇದ್ದರು. ನಡೆದದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಪೆಡಲು ನಿಲ್ಲಿಸಿ ಕೇಳಿಸಿಕೊಂಡರು.

"ಎಲ್ಲಾ ಏಳ್ದಾ? ಬಾಯಿ ಬಿದ್ದೋಗ ಅಂದಿದ್ದೂ?"

"ಅದೂ ಹೇಳ್ದೆ."

"ಆಮೇಲೆ ಆವಪ್ಪ ಏನ್ ಮಾಡ್ದ?"

"ಊಟಕ್ಕೆ ಹೋದ್ರು. ಪರೀಕ್ಷಕರಿಗೆ ವಿಭಾಗದಲ್ಲೇ ಊಟ ಇತ್ತು, ನಾವೇ ಬಡಿಸಿದ್ವಿ."

"ಉಂಡ್ನಾ?"

"ಚೆನ್ನಾಗಿ ಉಂಡ್ರು. ಎಣ್ಣೆಗಾಯಿ ಎರಡು ಸಲ ಹಾಕಿಸ್ಕೊಂಡ್ರು. ನಾನೇ ಹಾಕ್ದೆ."

ಸರೋಜಮ್ಮ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿಕೊಂಡು ಚಕ್ರಕ್ಕೆ ಕೈ ಹಾಕಿದರು.

"ಎರಡು ವರ್ಸ ಇಂಗ್ಲಿಷ್ ಓದಿ, ಒಂದು ಬೈಗುಳ ಸರ್ಯಾಗಿ ಏಳೋಕೆ ಬರ್ಲಿಲ್ವಾ ಕಣ್ಣು ನಿಂಗೆ" ಎಂದರು.